ಮಂಡಿಪೇಟೆಯಿಂದ ಯಂತ್ರಾಪುರದವರೆಗೆ: ದಾವಣಗೆರೆ–ಹರಿಹರದ ಮನೆತನಗಳು, ಮಿಲ್ಲುಗಳು, ಸಂಸ್ಥೆಗಳು

ದಾವಣಗೆರೆಯ ರೈಲು ನಿಲ್ದಾಣದ ಮುಂದೆ ಆಟೊ ಹತ್ತಿ ‘ಬಿಡಿಟಿ’ ಎಂದರೆ ಸಾಕು, ‘ಡಿಆರ್‌ಎಂ’ ಎಂದರೆ ಸಾಕು, ‘ಸಿ.ಜಿ. ಆಸ್ಪತ್ರೆ’ ಎಂದರೂ ಸಾಕು. ಚಾಲಕ ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾನೆ. ‘ಡಿಸಿಎಂ’ ಎಂದರೂ ಅಷ್ಟೇ. ಆದರೆ ಡಿಸಿಎಂ ಎಂಬಲ್ಲಿ ಈಗ ಇಳಿದವರಿಗೆ ಕಾಣುವುದು ಮನೆಗಳ ಸಾಲು. ದಾವಣಗೆರೆ ಕಾಟನ್ ಮಿಲ್ಸ್ ಎಂಬ ದೊಡ್ಡ ಗಿರಣಿ ಬಡಾವಣೆಯ ಹೆಸರಾಗಿ ಮಾತ್ರ ಬದುಕಿದೆ. ಈ ಊರಿನ ವ್ಯಾಪಾರದ ಚರಿತ್ರೆ ಹೀಗೆ ಎರಡು–ಮೂರು ಅಕ್ಷರಗಳೊಳಗೆ ಮುದುಡಿ ಕುಳಿತಿದೆ. ಬಿಡಿಸಿ ನೋಡಿದರೆ ಒಂದೊಂದರಿಂದಲೂ ಒಂದು ಮನೆತನ, ಒಂದು ಅಂಗಡಿ, ಒಂದು ಹಳ್ಳಿ ಹೊರಬರುತ್ತದೆ. ಯಾವ ಅಕ್ಷರದಲ್ಲೂ ಹೆಸರು ಸಿಗದವರು ಇನ್ನೂ ಹೆಚ್ಚು. ಅವರು ಪಾಳಿಯಲ್ಲಿ ದುಡಿದವರು, ಕಂಬಳಿ ನೇಯ್ದವರು, ಮಂಡಕ್ಕಿ ಹುರಿದವರು. ದಾನಿಗಳನ್ನೂ ದುಡಿದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸದೆ ಈ ಬಯಲುಸೀಮೆಯ ಅವಳಿ ಊರುಗಳ ಚರಿತ್ರೆ ಪೂರ್ತಿಯಾಗುವುದಿಲ್ಲ.

ದಾವಣಗೆರೆ ರಾಜಧಾನಿಯಾಗಿದ್ದ ಊರಲ್ಲ, ತೀರ್ಥಕ್ಷೇತ್ರವೂ ಅಲ್ಲ. ಒಂದು ಕಾಲಕ್ಕೆ ಅದು ಪಕ್ಕದ ಬೇತೂರಿನ ಸೆರಗಿನಲ್ಲಿದ್ದ ಸಣ್ಣ ಊರು. ಅದನ್ನು ಪೇಟೆಯಾಗಿ ಮಾಡಿದ್ದು ವ್ಯಾಪಾರ. 18ನೇ ಶತಮಾನದಲ್ಲಿ ಹೈದರ್ ಅಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪ್ಪೋಜಿರಾಮ ಕೋಟೆ ಕಟ್ಟಿ ಮೆರೆಯುವುದಕ್ಕಿಂತ ವರ್ತಕರನ್ನು ಕರೆದು ನೆಲೆಗೊಳಿಸುವುದರಲ್ಲಿ ಆಸಕ್ತಿ ತೋರಿಸಿದ. ವಾರಸುದಾರರಿಲ್ಲದೆ ಅವನು ತೀರಿಕೊಂಡ ಮೇಲೂ ಟಿಪ್ಪುವಿನ ಕಾಲದಲ್ಲಿ ಆ ಪ್ರೋತ್ಸಾಹ ನಿಲ್ಲಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದಿದ್ದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ದಾವಣಗೆರೆಯ ಏಳಿಗೆಗೆ ಅಪ್ಪೋಜಿರಾಮನೇ ಕಾರಣ ಎಂಬ ಮಾತಿದೆ, ಇಲ್ಲಿನ ಕಂಬಳಿಯ ವಿಚಾರವೂ ಇದೆ.

ಈ ಊರಿನ ಮೊದಲ ಉದ್ದಿಮೆ ಕಂಬಳಿಯೇ. ಹತ್ತಿ ಆಮೇಲೆ ಬಂದದ್ದು. ಸುತ್ತಲಿನ ಹುಲ್ಲುಗಾವಲುಗಳಲ್ಲಿ ಕುರಿಹಿಂಡು, ಹಿಂಡಿನ ಹಿಂದೆ ಕುರುಬರು. ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹುಣಸೆಬೀಜದ ಸರಿ ಬಳಿದು ಹುರಿಗೊಳಿಸಿ, ಕುಣಿಮಗ್ಗದಲ್ಲಿ ನೇಯುವವರೆಗಿನ ಕೆಲಸ ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು. ಮಳೆಗೂ ಚಳಿಗೂ ಒದಗುತ್ತಿದ್ದ, ಹಾಸಿದರೆ ಹಾಸಿಗೆ ಹೊದ್ದರೆ ಹೊದಿಕೆಯಾಗುತ್ತಿದ್ದ ಈ ಬಟ್ಟೆಗೆ ದೂರದೂರದ ಗಿರಾಕಿಗಳಿದ್ದರು. ಅತಿ ನವಿರಾದ ಕಂಬಳಿಗಳಿಗೆ ಆ ಕಾಲಕ್ಕೆ ಬೆರಗಾಗುವಂಥ ಬೆಲೆ ಬರುತ್ತಿತ್ತು. ನೇಯ್ದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ದಾವಣಗೆರೆಗೆ ಮೊಟ್ಟಮೊದಲು ಹೆಸರು ತಂದವರು ಅವರೇ.

ಪೇಟೆ ಬೆಳೆಯುವುದಕ್ಕೆ ದಾರಿ ಬೇಕಿತ್ತು. ದಾರಿಗೆ ಅಡ್ಡವಾಗಿದ್ದದ್ದು ಹರಿಹರದ ತುಂಗಭದ್ರೆ. ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೊಲಾಳ್ವ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದಂದಿನಿಂದ ಆ ಊರು ಯಾತ್ರಿಕರಿಗೆ ಪರಿಚಿತ. ಬ್ರಿಟಿಷರ ಕಾಲದಲ್ಲಿ 1865ರವರೆಗೆ ಅಲ್ಲೊಂದು ದೇಶೀ ಪಡೆಯ ದಂಡಿನ ಠಾಣ್ಯವೂ ಇತ್ತು. 1868ರಲ್ಲಿ ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಹದಿನಾಲ್ಕು ಕಮಾನುಗಳ ಸೇತುವೆ ಎದ್ದಿತು. ಒಂದೊಂದು ಕಮಾನಿನ ಅಗಲ 60 ಅಡಿ, ಒಟ್ಟು ಖರ್ಚು ಹತ್ತಿರಹತ್ತಿರ ಮೂರೂವರೆ ಲಕ್ಷ ರೂಪಾಯಿ. ಸುಮಾರು ಇಪ್ಪತ್ತು ವರ್ಷಗಳಲ್ಲಿ ಮೀಟರ್ ಗೇಜ್ ರೈಲೂ ಬಂತು. ಮಲೆನಾಡಿನ ಅಡಕೆ, ಬಯಲುಸೀಮೆಯ ಹತ್ತಿ–ಜೋಳ–ಶೇಂಗಾ, ಉತ್ತರದಿಂದ ಬರುವ ಸರಕು ಎಲ್ಲ ಸೇರುವ ಕೂಡುದಾರಿಯಲ್ಲಿ ದಾವಣಗೆರೆ ನಿಂತುಬಿಟ್ಟಿತು.

ಹಳೆಯ ಊರಿನ ಮಂಡಿಪೇಟೆ, ಚೌಕಿಪೇಟೆ, ದೊಡ್ಡಪೇಟೆ, ಹಗೇದಿಬ್ಬ ಎಂಬ ಹೆಸರುಗಳೇ ಆ ದಿನಗಳ ನಕ್ಷೆ. ನೆಲದಡಿಯ ಹಗೇವಿನಲ್ಲಿ ಕಾಳು ತುಂಬಿಡುತ್ತಿದ್ದ ಕಾಲದಿಂದ ದಲಾಲಿ ಅಂಗಡಿಯ ಲೆಕ್ಕದ ಪುಸ್ತಕದವರೆಗೆ ಬೆಳೆದ ವ್ಯಾಪಾರ ಅದು. ರೈತ ಸುಗ್ಗಿಯಲ್ಲಿ ಬಂಡಿ ಕಟ್ಟಿಕೊಂಡು ಬಂದು ಮಾಲು ಇಳಿಸಿದರೆ, ಮಾರಾಟವಾಗುವವರೆಗೆ ಅವನ ಊಟ, ಮಲಗುವ ಜಾಗ, ಮಗಳ ಮದುವೆಗೆ ಮುಂಗಡ ಎಲ್ಲವೂ ದಲಾಲರ ಅಂಗಡಿಯಲ್ಲೇ. ಈ ನಂಟಿನಲ್ಲಿ ನಂಬಿಕೆಯೂ ಇತ್ತು, ಸಾಲದ ಕೊಂಡಿಯೂ ಇತ್ತು. ಲಿಂಗಾಯತರು, ಜೈನರು, ವೈಶ್ಯರು, ಮುಸ್ಲಿಮರು, ಮರಾಠರು, ಮಾರವಾಡಿಗಳು ಒಂದೇ ಬೀದಿಯಲ್ಲಿ ಗಾದಿ ಹಾಕಿದರು. ಸುತ್ತಲ ಹಳ್ಳಿಗಳಿಂದ ಬಂದು ನೆಲೆನಿಂತವರು ಹುಟ್ಟೂರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತು ತಂದರು. ತುಂಗಭದ್ರೆಯ ದಂಡೆಯ ರಾಜನಹಳ್ಳಿ, ಹರಪನಹಳ್ಳಿ ಸೀಮೆಯ ಚಿಗಟೇರಿ, ಈಗ ನಗರದೊಳಗೇ ಸೇರಿಹೋಗಿರುವ ಶಾಮನೂರು ಹೀಗೆ ಮೊದಲು ಅಂಗಡಿಗಳ ಬೋರ್ಡುಗಳಿಗೆ, ಆಮೇಲೆ ಶಾಲೆ–ಆಸ್ಪತ್ರೆಗಳ ಕಮಾನುಗಳಿಗೆ ಏರಿದವು.

ಕಪ್ಪುನೆಲದಲ್ಲಿ ಬೆಳೆದ ಹತ್ತಿ ಮೊದಮೊದಲು ಇಲ್ಲಿ ಬೀಜ ಬಿಡಿಸಿಕೊಂಡು, ಪ್ರೆಸ್ಸಿನಲ್ಲಿ ಅಂಡಿಗೆಯಾಗಿ ರೈಲು ಹತ್ತಿ ಹೋಗುತ್ತಿತ್ತು. ನೂಲು, ಬಟ್ಟೆ ಬೇರೆಯವರ ಊರಲ್ಲಿ ಆಗುತ್ತಿದ್ದವು. ಇದನ್ನು ತಿರುಗಿಸಿದವರು ರಾಜನಹಳ್ಳಿ ಹನುಮಂತಪ್ಪನವರು. 1930ರ ದಶಕದ ನಡುಭಾಗದಲ್ಲಿ ಅವರು ದಾವಣಗೆರೆ ಕಾಟನ್ ಮಿಲ್ಸ್ ಸ್ಥಾಪಿಸಿದಾಗ ಮೈಸೂರು ಸಂಸ್ಥಾನದಲ್ಲಿ ಉದ್ದಿಮೆಗಳಿಗೆ ಹದವಾದ ಕಾಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಏಳುತ್ತಿದ್ದವು. ಅವುಗಳಿಗೆ ಸರ್ಕಾರ ಬೆನ್ನಾಗಿ ನಿಂತಿತ್ತು. ದಾವಣಗೆರೆಯ ಗಿರಣಿ ಎದ್ದದ್ದು ಪೇಟೆಯ ಹಣದಿಂದ. ಧಾನ್ಯ ಕೊಂಡು ಮಾರುತ್ತಿದ್ದ ಗಾದಿಯಿಂದ ಎದ್ದು ಬಂದ ವರ್ತಕ ಸಾವಿರಾರು ಕದಿರುಗಳು ತಿರುಗುವ ಕಾರ್ಖಾನೆ ಹಾಕಲು ಧೈರ್ಯ ಮಾಡಿದ್ದು ಆ ಊರಿನ ಮಟ್ಟಿಗೆ ದೊಡ್ಡ ಜಿಗಿತ.

ಒಬ್ಬರು ಹಾಕಿದ ದಾರಿಯಲ್ಲಿ ಇತರರು ನಡೆದರು. ಶಂಕರ, ಚಂದ್ರೋದಯ, ಆಂಜನೇಯ, ಸಿದ್ದೇಶ್ವರ, ಗಣೇಶ, ತೋಳಹುಣಸೆಯ ಯಲ್ಲಮ್ಮ ಹೀಗೆ ದೇವರ ಹೆಸರು ಹೊತ್ತ ಮಿಲ್ಲುಗಳು ಊರ ಸುತ್ತ ಎದ್ದವು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವ ವಾಡಿಕೆ ಬಂದದ್ದು ಆಗ. ಶಾಲೆಯ ಭೂಗೋಳ ಪಾಠದಲ್ಲಿ ಆ ಮಾತು ಇಂದಿಗೂ ಉಳಿದಿದೆ.

ಮಿಲ್ಲಿನ ಕೂಗು ಊರಿನ ಗಡಿಯಾರವಾಯಿತು. ಮೂರು ಪಾಳಿಯ ಮೂರು ಕೂಗಿಗೆ ಒಲೆ ಹೊತ್ತುತ್ತಿದ್ದವು, ಬುತ್ತಿ ಕಟ್ಟಲಾಗುತ್ತಿತ್ತು, ಚಹಾದಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಹತ್ತಿ ಹಿಂಜುವ, ಕಾರ್ಡಿಂಗ್ ಮಾಡುವ ವಿಭಾಗಗಳಲ್ಲಿ ಹಾರಾಡುವ ನವಿರು ದೂಳು ಉಸಿರಿನ ಜೊತೆ ಒಳಗೆ ಸೇರಿ ವರ್ಷಗಳ ಮೇಲೆ ಎದೆ ಹಿಡಿಯುವ ಕಾಯಿಲೆ ತರುತ್ತದೆ. ಹತ್ತಿ ಗಿರಣಿ ಇದ್ದ ಎಲ್ಲ ಊರುಗಳೂ ಕಂಡ ಸಂಕಟ ಅದು. ನೇಯ್ಗೆ ವಿಭಾಗದಲ್ಲಿ ಮಗ್ಗಗಳ ಸದ್ದಿಗೆ ಕಿವಿ ಮಂದವಾಗಿ, ಮನೆಗೆ ಬಂದ ಮೇಲೂ ಗಟ್ಟಿ ದನಿಯಲ್ಲೇ ಮಾತಾಡುವ ಗಂಡಸರಿದ್ದರು. ಇವುಗಳ ಜೊತೆಗೇ ಈ ಕೆಲಸ ಒಂದು ಗೌರವವನ್ನೂ ತಂದಿತು. ಮಳೆಯನ್ನೇ ನೆಚ್ಚಿದ ಹೊಲದಿಂದ ಬಂದವನಿಗೆ ತಿಂಗಳ ಸಂಬಳ, ಭವಿಷ್ಯ ನಿಧಿ, ದೀಪಾವಳಿಯ ಬೋನಸ್ ಸಿಕ್ಕಿದ್ದು ಮಿಲ್ಲಿನಲ್ಲೇ.

ಗಿರಣಿಯ ಜೊತೆಯಲ್ಲೇ ಸಂಘ ಬಂತು. ಕೆಂಬಾವುಟದ ಮೆರವಣಿಗೆ, ಗೇಟಿನ ಮುಂದಿನ ಸಭೆ, ಮುಷ್ಕರ, ಮಾತುಕತೆ ದಾವಣಗೆರೆಯ ಸಾರ್ವಜನಿಕ ಬದುಕಿನ ಭಾಗವಾದವು. ಈ ನೆಲ ಬೆಳೆಸಿದ ದೊಡ್ಡ ನಾಯಕ ಪಂಪಾಪತಿ. ಕಾರ್ಮಿಕರ ನಡುವಿನಿಂದ ಎದ್ದುಬಂದ ಈ ಕಮ್ಯುನಿಸ್ಟ್ ನಾಯಕ 1970ರ ದಶಕದ ಕೊನೆಯಿಂದ 80ರ ದಶಕದವರೆಗೆ ಮೂರು ಬಾರಿ ಸಿಪಿಐ ಶಾಸಕರಾಗಿ ವಿಧಾನಸಭೆಗೆ ಹೋದರು. ವರ್ತಕರ ಊರು ಎಂದೇ ಹೆಸರಾದ ಪೇಟೆ ಕಾರ್ಮಿಕರ ಪ್ರತಿನಿಧಿಯನ್ನು ಮತ್ತೆ ಮತ್ತೆ ಆರಿಸಿ ಕಳಿಸಿತು ಎಂಬುದನ್ನು ಊರಿನ ಚರಿತ್ರೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದಕ್ಕೆ ಒಂದು ಅಧ್ಯಾಯವೇ ಸಲ್ಲಬೇಕು. ಬಡಾವಣೆಗಳಿಗೆ ನಲ್ಲಿ, ಕಾರ್ಮಿಕರಿಗೆ ನಿವೇಶನ, ಹಮಾಲರಿಗೂ ಬೀಡಿ ಕಟ್ಟುವ ಹೆಂಗಸರಿಗೂ ಸಂಘ, ಇವೆಲ್ಲ ಊರಿನ ಬೇಡಿಕೆಗಳಾಗಿ ಬೆಳೆದದ್ದು ಆ ಗೇಟಿನ ಮುಂದಿನ ಸಭೆಗಳಲ್ಲಿ.

ಇತ್ತ ವರ್ತಕ ಮನೆತನಗಳ ಹಣ ಇನ್ನೊಂದು ದಿಕ್ಕಿಗೂ ಹರಿಯಿತು. ಇದು ದಾವಣಗೆರೆಯ ನಿಜವಾದ ವಿಶೇಷ. ರಾಜನಹಳ್ಳಿ ಮನೆತನದ ಹೆಸರನ್ನು ಊರಲ್ಲಿ ಹುಡುಕುತ್ತ ಹೊರಟರೆ ಡಿಆರ್‌ಎಂ ವಿಜ್ಞಾನ ಕಾಲೇಜು, ಡಿಆರ್‌ಆರ್ ಪಾಲಿಟೆಕ್ನಿಕ್, ಆರ್‌.ಎಲ್. ಕಾನೂನು ಕಾಲೇಜು, ಸೀತಮ್ಮನವರ ಹೆಸರಿನ ಹೆಣ್ಣುಮಕ್ಕಳ ಸರ್ಕಾರಿ ಕಾಲೇಜು ಎದುರಾಗುತ್ತವೆ. ಒಂದೇ ಮನೆತನದ ನೆನಪು ವಿಜ್ಞಾನ, ತಾಂತ್ರಿಕ ಶಿಕ್ಷಣ, ಕಾನೂನು, ಸ್ತ್ರೀಶಿಕ್ಷಣ ನಾಲ್ಕಕ್ಕೂ ಅಂಟಿಕೊಂಡಿರುವ ಊರು ಅಪರೂಪ. ಮೊದಲೆರಡು ಹೆಸರುಗಳ ‘ಡಿ’ ಅಕ್ಷರದ ಹಿಂದಿರುವ ‘ಧರ್ಮಪ್ರಕಾಶ’ ಎಂಬ ಬಿರುದನ್ನು ಮೈಸೂರು ಮಹಾರಾಜರು ಇಂಥ ದಾನಿಗಳಿಗಾಗಿಯೇ ಇಟ್ಟಿದ್ದರು. ಛತ್ರ, ಅರವಟ್ಟಿಗೆ, ಗುಡಿಯ ಜೀರ್ಣೋದ್ಧಾರಕ್ಕೆ ಸಲ್ಲುತ್ತಿದ್ದ ದಾನ ಪ್ರಯೋಗಾಲಯಕ್ಕೆ, ಗ್ರಂಥಾಲಯಕ್ಕೆ ಸಲ್ಲತೊಡಗಿದ್ದು ಆ ಪೀಳಿಗೆಯಲ್ಲಿ.

ಬಿಡಿಟಿಯ ಕಥೆಯೂ ಇಂಥದ್ದೇ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಎಂಬ ವರ್ತಕ ಮನೆತನದ ಹೆಸರು ಹೊತ್ತ ಈ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ. ಮೈಸೂರು ರಾಜ್ಯದಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದ ದಿನಗಳವು. ಬೆಂಗಳೂರು, ಮೈಸೂರಿನ ಹುಡುಗರಿಗೆ ಸಿಗುವುದು ಜಗಳೂರು, ಹೊನ್ನಾಳಿ, ಹರಪನಹಳ್ಳಿಯ ಹುಡುಗರಿಗೂ ಸಿಗಬೇಕು ಎಂದರೆ ಜಿಲ್ಲಾ ಕೇಂದ್ರವೂ ಆಗಿರದ ಒಂದು ಪೇಟೆಯಲ್ಲಿ ಕಾಲೇಜು ತೆರೆಯಬೇಕಿತ್ತು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಅದು ತಾನೇ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಮೈಸೂರು, ಕುವೆಂಪು, ದಾವಣಗೆರೆ ವಿಶ್ವವಿದ್ಯಾಲಯಗಳ ಕೈದಾಟಿ ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮಡಿಲಲ್ಲಿರುವ ಆ ಕಾಲೇಜು ಯಾರ ಆಡಳಿತಕ್ಕೆ ಹೋದರೂ ಮೂರಕ್ಷರ ಮಾತ್ರ ಬಿಟ್ಟುಕೊಟ್ಟಿಲ್ಲ.

1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. ಇಲ್ಲಿಂದ ದಾನದ ರೀತಿಯೇ ಬದಲಾಯಿತು. ಒಬ್ಬ ದಾನಿ, ಒಂದು ಕಟ್ಟಡ ಎಂಬ ಹಳೆಯ ಪದ್ಧತಿಯ ಜಾಗದಲ್ಲಿ ಊರಿನ ಹಲವರು ಕೂಡಿ ನಡೆಸುವ ಸಂಘ ಬಂತು. 1965ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೆ ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳ ಹೆಸರಿಟ್ಟರು. ಊರೂರಲ್ಲಿ ವಿದ್ಯಾರ್ಥಿನಿಲಯ ತೆರೆಸಿ ಹಳ್ಳಿಯ ಮಕ್ಕಳಿಗೆ ಅನ್ನ–ಆಸರೆ ಕೊಡಿಸಿದ್ದ ಸ್ವಾಮಿಗಳಿಗೆ ಸಲ್ಲಿಸಿದ ಋಣ ಅದು. ಜೆಜೆಎಂ ಎಂದು ಹೆಸರಾದ ಈ ಕಾಲೇಜಿನ ವಿದ್ಯಾರ್ಥಿಗಳು ರೋಗಿಯ ನಾಡಿ ಹಿಡಿದು ಕಲಿತದ್ದು ಚಿಗಟೇರಿ ಹೆಸರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಅಂದರೆ ಸಿ.ಜಿ. ಆಸ್ಪತ್ರೆಯಲ್ಲಿ. ಹೀಗೆ ಖಾಸಗಿ ಕಾಲೇಜು, ಸರ್ಕಾರಿ ವಾರ್ಡು ಒಂದಕ್ಕೊಂದು ಆಸರೆಯಾದವು. ಸುತ್ತಲಿನ ಬಡವರಿಗೆ ತಜ್ಞ ವೈದ್ಯರು ಹತ್ತಿರದಲ್ಲೇ ಸಿಕ್ಕರು. 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಸೇರಿಕೊಂಡಿತು. ದಶಕಗಳ ಕಾಲ ಈ ಸಂಸ್ಥೆಯ ಮುಂಚೂಣಿಯಲ್ಲಿದ್ದ ಶಾಮನೂರು ಶಿವಶಂಕರಪ್ಪನವರೂ ವ್ಯಾಪಾರದಿಂದಲೇ ಬಂದವರು. ಬ್ಯಾಂಕು, ಸಕ್ಕರೆ, ಶಿಕ್ಷಣ, ರಾಜಕಾರಣ ಎಲ್ಲ ಒಂದೇ ಮನೆತನದ ಅಂಗಳದಲ್ಲಿ ಬೆಳೆದದ್ದರಿಂದ ಊರಿಗೆ ಲಾಭವೂ ಆಯಿತು, ಅಧಿಕಾರ ಒಂದೆಡೆ ಕೂಡಿಕೊಂಡಿತು ಎಂಬ ಟೀಕೆಯೂ ಬಂತು. ಊರಿನ ಚರಿತ್ರೆ ಹೇಳುವ ಯಾವುದೇ ಸ್ಮರಣ ಸಂಚಿಕೆಯಲ್ಲಿ ಎರಡೂ ಮಾತಿಗೆ ಜಾಗವಿರಬೇಕು.

ಹೆಣ್ಣುಮಕ್ಕಳ ಕಡೆಯಿಂದ ಎದ್ದ ಸಂಸ್ಥೆ ವನಿತಾ ಸಮಾಜ. ಅದನ್ನು ಕಟ್ಟಿ ಬೆಳೆಸಿದ ನಾಗಮ್ಮ ಕೇಶವಮೂರ್ತಿಯವರು ಶಾಸಕಿಯಾಗಿ, ಸಚಿವೆಯಾಗಿಯೂ ದುಡಿದರು. ಶಿಶುವಿಹಾರ, ಹೊಲಿಗೆ ತರಗತಿ, ದುಡಿಯುವ ಹೆಂಗಸರಿಗೆ ವಸತಿ ಇಂಥ ಕೆಲಸಗಳಿಗೆ ದೊಡ್ಡ ಕಮಾನು ಬೇಕಾಗುವುದಿಲ್ಲ. ಬಹುಶಃ ಅದಕ್ಕೇ ಅವು ಊರಿನ ಹೆಮ್ಮೆಯ ಪಟ್ಟಿಯಲ್ಲಿ ಕೊನೆಗೆ ಬರುತ್ತವೆ.

ರಂಗಭೂಮಿಯೂ ಇಲ್ಲಿ ಉದ್ಯಮವೇ ಆಗಿತ್ತು. ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿ ಟೆಂಟು, ಪರದೆ, ಅಡುಗೆಯವರು, ಮಕ್ಕಳು–ಮರಿ ಸಮೇತ ಊರೂರು ಸುತ್ತಿ ನಾಟಕ ಆಡಿತು. ಆ ಮನೆಯ ಮಗಳು ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಪಾಳಿ ಮುಗಿಸಿ ಬಂದ ಕಾರ್ಮಿಕ, ಮಾಲು ಮಾರಿ ಕೈಯಲ್ಲಿ ಕಾಸಿದ್ದ ರೈತ, ಅಂಗಡಿಯ ಗುಮಾಸ್ತ ಒಂದೇ ಚಾಪೆಯ ಮೇಲೆ ಕೂತು ನೋಡಿದ ನಾಟಕಗಳವು. ಇಂದು ಎಲ್ಲೆಡೆ ಬೋರ್ಡು ಕಾಣುವ ಬೆಣ್ಣೆದೋಸೆಗೂ ನಾಟಕಕ್ಕೂ ನಂಟಿದೆ. ಊರಲ್ಲಿ ಹೇಳಿಕೊಂಡು ಬಂದಿರುವಂತೆ, 1920ರ ದಶಕದ ಕೊನೆಯಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚನ್ನಮ್ಮ ಎಂಬ ತಾಯಿ ನಾಟಕ ಮಂದಿರದ ಹತ್ತಿರ ದೋಸೆ ಅಂಗಡಿ ಇಟ್ಟರು. ಮೊದಲು ರಾಗಿಯದಾಗಿದ್ದ ದೋಸೆ ಮಕ್ಕಳ ಕೈಗೆ ಬರುವಷ್ಟರಲ್ಲಿ ಅಕ್ಕಿಯದಾಯಿತು, ಮೇಲೆ ಬೆಣ್ಣೆ ಬಿತ್ತು. ಗಿರಣಿಯ ಬಂಡವಾಳವಿಲ್ಲದ ಒಬ್ಬ ಹೆಣ್ಣುಮಗಳು ಶುರುಮಾಡಿದ ಈ ವ್ಯಾಪಾರ, ಬಂಡವಾಳ ಹಾಕಿದ ಮಿಲ್ಲುಗಳಿಗಿಂತ ಹೆಚ್ಚು ಕಾಲ ಬಾಳಿದೆ.

ಮಿಲ್ಲುಗಳು ಬಾಳಲಿಲ್ಲ. 1974ರ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರ ದೇಶದ 103 ರೋಗಗ್ರಸ್ತ ಜವಳಿ ಗಿರಣಿಗಳನ್ನು ವಶಕ್ಕೆ ತೆಗೆದುಕೊಂಡಾಗ ಆ ಪಟ್ಟಿಯಲ್ಲಿ ತೋಳಹುಣಸೆಯ ಯಲ್ಲಮ್ಮ ಮಿಲ್ಲೂ ಇತ್ತು. ಹಳೆಯ ಯಂತ್ರ, ಹತ್ತಿಯ ಬೆಲೆಯ ಏರುಪೇರು, ವಿದ್ಯುತ್ ಕಡಿತ, ಪವರ್‌ಲೂಮುಗಳ ಪೈಪೋಟಿ, ಮುಷ್ಕರ–ಬೀಗಮುದ್ರೆಗಳ ಸರಣಿ, ಲಾಭವನ್ನು ಮತ್ತೆ ಯಂತ್ರಕ್ಕೆ ಹಾಕದ ಮಾಲೀಕರು, ಕಾರಣಗಳನ್ನು ಹುಡುಕಿದರೆ ಒಂದರ ಹಿಂದೆ ಒಂದು ಸಿಗುತ್ತವೆ. 1982ರ ಜನವರಿಯಲ್ಲಿ ಶುರುವಾದ ಮುಂಬೈ ಗಿರಣಿ ಮುಷ್ಕರದ ನಂತರ ದೇಶದ ಹಲವು ಜವಳಿ ನಗರಗಳು ಕುಸಿದವು. ಮ್ಯಾಂಚೆಸ್ಟರ್‌ನಲ್ಲೂ ಕದಿರುಗಳು ನಿಂತು ದಶಕಗಳಾಗಿದ್ದವು. ದಾವಣಗೆರೆಯಲ್ಲಿ ಒಂದೊಂದೇ ಚಿಮಣಿಯ ಹೊಗೆ ಆರುತ್ತ ಬಂತು. ಮುಷ್ಕರವೇ ಮಿಲ್ಲುಗಳನ್ನು ಮುಗಿಸಿತು ಎಂಬ ಸುಲಭದ ತೀರ್ಪು ಊರಲ್ಲಿ ಇಂದಿಗೂ ಕೇಳಿಬರುತ್ತದೆ. ಮುಷ್ಕರವೇ ಆಗದ ಎಷ್ಟೋ ಮಿಲ್ಲುಗಳೂ ದೇಶದಲ್ಲಿ ಮುಚ್ಚಿವೆ ಎಂಬುದನ್ನು ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ.

ಮುಚ್ಚಿದ ಮಿಲ್ಲಿನ ಕಾರ್ಮಿಕ ಏನಾದ? ಒಬ್ಬ ಆಟೊ ಓಡಿಸಿದ, ಒಬ್ಬ ಕಿರಾಣಿ ಅಂಗಡಿ ಇಟ್ಟ, ಒಬ್ಬ ಹಳ್ಳಿಗೆ ಮರಳಿ ಹೊಲ ಹಿಡಿದ, ಹಲವರು ಬಾಕಿ ಹಣಕ್ಕಾಗಿ ಕೋರ್ಟು–ಕಚೇರಿ ಅಲೆದರು. ಹೆಂಡತಿ ಬೀಡಿ ಕಟ್ಟಿ ಮನೆ ನಡೆಸಿದ, ಹಪ್ಪಳ ಲಟ್ಟಿಸಿ ಮಕ್ಕಳ ಶುಲ್ಕ ಕಟ್ಟಿದ ಕಥೆಗಳು ಆ ಕೇರಿಗಳಲ್ಲಿ ತುಂಬಿವೆ. ಅಪ್ಪ ದುಡಿದ ಮಿಲ್ಲಿನ ಮಾಲೀಕರ ಹೆಸರಿನ ಕಾಲೇಜಿನಲ್ಲೇ ಮಗ ಓದಿ ಗುಮಾಸ್ತನೋ ಶಿಕ್ಷಕನೋ ಆದದ್ದೂ ಉಂಟು. ಗಿರಣಿ ಕೊಟ್ಟ ಹಣ ಸಂಸ್ಥೆಯಾಗಿ ತಿರುಗಿ ಕಾರ್ಮಿಕನ ಮನೆಗೆ ಬಂದ ಬಗೆ ಇದು. ದಾನಿಯ ದೊಡ್ಡತನವನ್ನು ಮೆಚ್ಚುವಾಗ, ಆ ದಾನದಲ್ಲಿ ಪಾಳಿ ದುಡಿತದ ಪಾಲೂ ಇತ್ತು ಎಂಬುದನ್ನು ಹೇಳಲೇಬೇಕು.

ಯಲ್ಲಮ್ಮ ಮಿಲ್ಲು ಇದ್ದ ತೋಳಹುಣಸೆಯಲ್ಲಿ ಈಗ ದಾವಣಗೆರೆ ವಿಶ್ವವಿದ್ಯಾಲಯವಿದೆ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ತೆರೆದದ್ದು 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು.

ಹದಿನಾಲ್ಕು ಕಿಲೊಮೀಟರ್ ಆಚೆಯ ಹರಿಹರದ್ದು ಬೇರೆಯೇ ಬಗೆ. ದಾವಣಗೆರೆಯನ್ನು ಹತ್ತಾರು ಮನೆತನಗಳು ಕಟ್ಟಿದರೆ, ಹರಿಹರವನ್ನು ಕಾರ್ಖಾನೆಯ ಊರಾಗಿ ಮಾಡಿದ್ದು ಹೊರಗಿನಿಂದ ಬಂದ ಒಂದೇ ಹೆಸರು: ಕಿರ್ಲೋಸ್ಕರ್. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ತಯಾರಿಸಿ, ಜಾಗ ಖಾಲಿ ಮಾಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಕಬ್ಬಿಣದ ನೇಗಿಲು ನೆಲವನ್ನು ಕೆಡಿಸುತ್ತದೆ ಎಂದು ಹೆದರುತ್ತಿದ್ದ ರೈತರಿಗೆ ಅದನ್ನು ಒಪ್ಪಿಸಲು ವರ್ಷಗಟ್ಟಲೆ ತಾಳ್ಮೆ ಹಿಡಿದವರು. ಆ ಕುಟುಂಬ ಮೈಸೂರು ಸಂಸ್ಥಾನಕ್ಕೆ ಬಂದು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ತೆರೆಯಿತು.

ಜಾಗದ ಆಯ್ಕೆಯಲ್ಲಿ ಲೆಕ್ಕಾಚಾರವಿತ್ತು. ತುಂಗಭದ್ರೆ ಆಗ ಮೈಸೂರು ಸಂಸ್ಥಾನಕ್ಕೂ ಮುಂಬೈ ಪ್ರಾಂತಕ್ಕೂ ಗಡಿ. ಹೊಳೆಯ ಈಚೆ ಹರಿಹರ, ಆಚೆ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಈಚೆ ದಡದಲ್ಲಿ ಮೈಸೂರಿನ ವಿದ್ಯುತ್ತು, ಉದ್ದಿಮೆಗೆ ಒಲಿದ ಸರ್ಕಾರ, ಪುಣೆಯವರೆಗೆ ಹೋಗುವ ರೈಲು, ರಸ್ತೆ, ನೀರು ಎಲ್ಲವೂ ಇದ್ದವು. ಎರಡನೇ ಮಹಾಯುದ್ಧ ನಡೆದಿತ್ತು. ಹಡಗಿನಲ್ಲಿ ಬರುತ್ತಿದ್ದ ಲೇತುಗಳು ನಿಂತುಹೋಗಿ ದೇಶದ ವರ್ಕ್‌ಶಾಪುಗಳು ಯಂತ್ರಗಳಿಗಾಗಿ ಬಾಯಿಬಿಡುತ್ತಿದ್ದವು. ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದದ್ದು 1953ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಹರಿಹರದಲ್ಲಿ ಯಂತ್ರವನ್ನು ತಯಾರಿಸುವ ಯಂತ್ರಗಳು ರೂಪುಗೊಳ್ಳುತ್ತಿದ್ದವು ಎಂಬುದು ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಾದ ಮಾತು.

ಕಾರ್ಖಾನೆಯ ಸುತ್ತ ಯಂತ್ರಾಪುರ ಬೆಳೆಯಿತು. ಕ್ವಾರ್ಟರ್ಸು, ಶಾಲೆ, ಆಟದ ಬಯಲು, ಗಣೇಶೋತ್ಸವ. ಹಳ್ಳಿಯಿಂದ ಬಂದ ಹುಡುಗರು ತರಬೇತಿ ಪಡೆದು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಕೈಬೆರಳಲ್ಲಿ ಗುರುತಿಸುವ ಫಿಟ್ಟರುಗಳು, ಟರ್ನರುಗಳು ಆದರು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಎಂಬ ಹೆಸರಿನ ಲೇತುಗಳು ಇಲ್ಲಿಂದ ದೇಶದ ಮೂಲೆಮೂಲೆಯ ಪಾಲಿಟೆಕ್ನಿಕ್ಕು, ಐಟಿಐ, ರಿಪೇರಿ ಅಂಗಡಿಗಳಿಗೆ ಹೋದವು. ಕಂಪನಿ ಮುಚ್ಚಿದ ಮೇಲೂ ಆ ಲೇತುಗಳು ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಲೇ ಇವೆ. 1991ರ ನಂತರ ಆಮದು ಸಲೀಸಾಯಿತು, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದವು, ಸಾಲ ಬೆಳೆಯಿತು. 2000ದ ಆಸುಪಾಸಿನಲ್ಲಿ ಕಾರ್ಖಾನೆ ನಿಂತು, ಕಂಪನಿ ಹೈಕೋರ್ಟಿನ ಮೂಲಕ ಸಮಾಪನೆಗೆ ಹೋಯಿತು. ಹಲವು ಮಿಲ್ಲುಗಳ ದಾವಣಗೆರೆ ಒಂದೊಂದೇ ಪೆಟ್ಟು ತಿಂದರೆ, ಒಂದೇ ಕಂಪನಿಯನ್ನು ನೆಚ್ಚಿದ್ದ ಹರಿಹರಕ್ಕೆ ಬಿದ್ದದ್ದು ಒಂದೇ ಪೆಟ್ಟು, ಬಲವಾದ ಪೆಟ್ಟು. ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರಿನ ಶಾಲೆ ಉಳಿದಿದೆ. ಕೈಕಸುಬು ಕಲಿತವರು ಸಣ್ಣ ಶೆಡ್ಡುಗಳಲ್ಲಿ, ಬೆಂಗಳೂರು–ಪುಣೆಯ ಕಾರ್ಖಾನೆಗಳಲ್ಲಿ ಹರಡಿಕೊಂಡರು.

ಹೊಳೆಯಾಚೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ನೀಲಗಿರಿ ಮರದಿಂದ ರೇಯಾನ್ ಪಲ್ಪು ತೆಗೆಯುವ ಬಿರ್ಲಾ ಸಮೂಹದ ಈ ಕಾರ್ಖಾನೆ ಸಾವಿರಾರು ಜನಕ್ಕೆ ಕೆಲಸ ಕೊಟ್ಟಿತು. ಹೊಳೆಗೆ ಮಲಿನ ನೀರು ಬಿಡುವ ವಿಚಾರದಲ್ಲಿ ಜಗಳವನ್ನೂ ತಂದಿತು. 1984ರಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲಿದಾಗ ದಡದ ಹಳ್ಳಿಗಳು ಎದ್ದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಅದೇ ವರ್ಷ ಸರ್ಕಾರವೂ ಈ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆ ಮಾಡಿಕೊಂಡು, ಊರುಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಹೂಡಿದರು. ನೀಲಗಿರಿ ಸಸಿ ಕಿತ್ತು, ಜನಕ್ಕೂ ದನಕ್ಕೂ ಒದಗುವ ಗಿಡ ಹಚ್ಚುವುದು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರ ಮುಂದಾಳು ಶಿವರಾಮ ಕಾರಂತರು. 1991ರಲ್ಲಿ ಪಲ್ಪ್‌ವುಡ್ಸ್ ಮುಚ್ಚಿತು. ಕಂಪನಿಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಈ ಪುಟ ಹರಿಹರದ ಸಂಚಿಕೆಯಲ್ಲಂತೂ ಬಿಟ್ಟುಹೋಗಬಾರದು. ಹೊಳೆಯ ನೀರು ಕುಡಿದು ಬದುಕಿದವರೂ ಊರಿನ ಪಾಲುದಾರರೇ.

ಹತ್ತಿ ಹಿಂದೆ ಸರಿದ ಜಾಗಕ್ಕೆ ಭತ್ತ ಬಂತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಮುಗಿದು ನಾಲೆಯ ನೀರು ದಾವಣಗೆರೆ, ಹರಿಹರದ ಹೊಲಗಳನ್ನು ಗದ್ದೆ ಮಾಡಿತು. ರೈಸ್‌ಮಿಲ್ಲುಗಳು ಸಾಲಾಗಿ ಎದ್ದವು. ನಾಲೆಯ ಕೊನೆ ಭಾಗದ ರೈತರು ಮಾತ್ರ ಬೇಸಿಗೆ ಬೆಳೆಯ ನೀರಿಗಾಗಿ ಇಂದಿಗೂ ರಸ್ತೆಗಿಳಿಯುತ್ತಾರೆ. ನೀರು ತಲುಪದ ಕಡೆ ಮೆಕ್ಕೆಜೋಳ ಹಬ್ಬಿ, ಹತ್ತಿಯ ಮಾರುಕಟ್ಟೆಯಾಗಿದ್ದ ಊರು ಮೆಕ್ಕೆಜೋಳದ ಮಾರುಕಟ್ಟೆಯಾಯಿತು.

ಭತ್ತದ ಬೆನ್ನಿಗೆ ಬೆಳೆದದ್ದು ಮಂಡಕ್ಕಿ ಭಟ್ಟಿಗಳು. ಆಜಾದ್ ನಗರ, ಬಾಷಾ ನಗರದ ಕಡೆ ಸಾಲುಸಾಲು ಭಟ್ಟಿ. ಬಹುಪಾಲು ಮುಸ್ಲಿಂ ಕುಟುಂಬಗಳ ಕಸುಬು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದು ಜರಡಿ ಹಿಡಿಯುವುದರಲ್ಲಿ ಮನೆಯ ಹೆಂಗಸರು, ಮಕ್ಕಳು ಎಲ್ಲರ ಬೆವರೂ ಸೇರುತ್ತದೆ. ಹೊಟ್ಟಿನ ಜೊತೆ ಹಳೆಯ ಟೈರು ಸುಡುವ ಹೊಗೆಯಿಂದ ಅಕ್ಕಪಕ್ಕದ ಮನೆಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹುರಿಯುವವರಿಗೇ ತೊಂದರೆಯಾಗಿದೆ. ಸಂಜೆಯ ಮಂಡಕ್ಕಿ–ಮಿರ್ಚಿ ಇಲ್ಲದೆ ದಾವಣಗೆರೆಯ ದಿನ ಮುಗಿಯುವುದಿಲ್ಲ. ಅಷ್ಟಿದ್ದೂ ಊರಿನ ಯಾವ ಸಂಸ್ಥೆಯ ಮೂರಕ್ಷರದಲ್ಲೂ ಒಬ್ಬ ಭಟ್ಟಿಯವನ ಹೆಸರಿಲ್ಲ.

ಇಂಥ ಹೆಸರಿಲ್ಲದವರಿಗೂ ಊರಿನ ಚರಿತ್ರೆಯಲ್ಲಿ ಜಾಗ ಕೊಟ್ಟ ಮಾದರಿ ಬೇರೆಡೆ ಇದೆ. ಕೆನಡಾದ ಹುಲ್ಲುಗಾವಲು ಸೀಮೆಯ ಸಸ್ಕಾಚೆವಾನ್, ಆಲ್ಬರ್ಟಾ ಪ್ರಾಂತಗಳು 1905ರಲ್ಲಿ ರೂಪುಗೊಂಡವು. ಎಪ್ಪತ್ತೈದು ತುಂಬಿದ 1980ರಲ್ಲಿ ಅಲ್ಲಿನ ಪುಟ್ಟ ಪುಟ್ಟ ಊರುಗಳೂ ತಮ್ಮ ಚರಿತ್ರೆಯ ಪುಸ್ತಕ ತಂದವು. ಅವುಗಳ ಕ್ರಮ ನಮಗೆ ಒಪ್ಪುವಂಥದ್ದು. ಧಾನ್ಯ ಕೊಳ್ಳುವ ಕಂಪನಿಗೆ, ಚರ್ಚಿಗೆ, ಶಾಲೆಗೆ ಪುಟಗಳಿದ್ದ ಹಾಗೆಯೇ ಊರಿನ ಒಂದೊಂದು ಕುಟುಂಬಕ್ಕೂ ಜಾಗವಿತ್ತು, ಆ ಮನೆಯವರೇ ಬರೆದುಕೊಟ್ಟದ್ದು. ದಾನ ಕೊಟ್ಟವರು, ಕೊಡಲಾರದವರು ಎಂಬ ಭೇದ ಅಲ್ಲಿರಲಿಲ್ಲ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಅಧ್ಯಕ್ಷರ ಭಾವಚಿತ್ರ, ಸಚಿವರ ಶುಭಾಶಯ, ಜಾಹೀರಾತು ಮುಗಿಯುವಷ್ಟರಲ್ಲಿ ಅರ್ಧ ಪುಸ್ತಕ ಮುಗಿದಿರುತ್ತದೆ. ಆ ಪುಟಗಳಲ್ಲಿ ಒಂದಷ್ಟನ್ನಾದರೂ ತೆಗೆದು ಕಾರ್ಡಿಂಗ್ ವಿಭಾಗದ ಹೆಲ್ಪರಿಗೆ, ಮಂಡಿಯ ಹಮಾಲನಿಗೆ, ಜಿನ್ನಿನಲ್ಲಿ ಹತ್ತಿ ಆರಿಸುತ್ತಿದ್ದ ಹೆಂಗಸಿಗೆ ಕೊಡುವುದು ಸಾಧ್ಯ.

ಅದಕ್ಕೆ ಸಾಮಗ್ರಿ ಇದೆ, ಹೆಚ್ಚು ದಿನ ಇರಲಾರದು. ಯಂತ್ರಾಪುರದಲ್ಲಿ ತರಬೇತಿಗೆ ಸೇರಿದ್ದ ಹುಡುಗರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಮಿಲ್ಲಿನ ಗೇಟ್‌ಪಾಸು, ಸಂಬಳದ ಚೀಟಿ, ಸಂಘದ ರಸೀದಿ, ಸೇವಾ ಪ್ರಮಾಣಪತ್ರ ಎಷ್ಟೋ ಮನೆಗಳ ಟ್ರಂಕುಗಳಲ್ಲಿವೆ. ಸಮಾಪನೆಯಾದ ಕಂಪನಿಯ ಕಾಗದಪತ್ರ ಹೈಕೋರ್ಟಿನ ಅಧಿಕೃತ ಸಮಾಪಕರ ಸುಪರ್ದಿಗೆ ಹೋಗುತ್ತದೆ. ಕೇಳುವವರಿಲ್ಲದಿದ್ದರೆ ಕಾಲಾವಧಿ ಮುಗಿದ ಮೇಲೆ ವಿಲೇವಾರಿಯಾಗುತ್ತದೆ. ತೋಳಹುಣಸೆಯ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ, ಬಿಡಿಟಿಯ ಹಳೆಯ ವಿದ್ಯಾರ್ಥಿಗಳು, ವರ್ತಕ ಮನೆತನಗಳ ಇಂದಿನ ಪೀಳಿಗೆ ಈ ಮೂವರು ಕೈಜೋಡಿಸಿದರೆ ಒಂದು ಬೇಸಿಗೆ ರಜೆಯಲ್ಲಿ ಕೆಲಸ ಶುರುವಾಗುತ್ತದೆ. ಮೊದಲು ಹೋಗಬೇಕಾದದ್ದು ಡಿಸಿಎಂ ಬಡಾವಣೆಯ ಸುತ್ತಮುತ್ತ ಇನ್ನೂ ನೆಲೆಸಿರುವ ನಿವೃತ್ತ ಕಾರ್ಮಿಕರ ಮನೆಗಳಿಗೆ, ಹರಿಹರದಲ್ಲಿ ಹಳೆಯ ಕ್ವಾರ್ಟರ್ಸು ಬಿಟ್ಟು ಬಾಡಿಗೆ ಮನೆ ಸೇರಿದ ಟರ್ನರು–ಫಿಟ್ಟರುಗಳ ಬಳಿಗೆ.